ಟಿಕೋಟದ ಅಗಸಿಗೆ ಸೈಕಲ್ ಇಳದದ್ದು

ನಮ್ಮನಿಯವರು ಸೈಕಲ್ ಮ್ಯಾಲ ಸಮುದ್ರದ ತನಕ ಹೋಗಿ ಬಂದ ಕತಿ ಟಿಕೋಟದಾಗ ಇವತ್ತಿಗೂ ಯಾರನ್ನ ಕೇಳಿದ್ರೂ ಹೇಳ್ತಾರ. ಮದುವಿ ಪಂಗತಿಯೊಳಗ ಎಲಿ ಮುಂದ ಕುಂತವರು "ಸರ್, ಆ ಘಟ್ಟ ಇಳದದ್ದು ಒಮ್ಮೆ ಹೇಳ್ರಿ" ಅನ್ನೋರು. ಇವರು ಕೈಯೊಳಗಿನ ಹೋಳಿಗಿ ಕೆಳಗಿಟ್ಟು ಸುರು ಹಚ್ಚೋರು. ಕೃಷ್ಣಾ ಹೊಳಿ ದಾಟಿದವರು ಇವರೇ. ಅಡವಿ ಹೊಕ್ಕವರು ಇವರೇ. ಆ ಕತಿಯೊಳಗ ನಾ ಎಲ್ಲಿದ್ದೆ? "ನಮ್ಮ ಮನಿಯಾಕಿನೂ ಇದ್ಲು, ಹಿಂದ ಮೋಟರಿನ್ಯಾಗ ಬರತಿದ್ಲು" ಅಂತ ಒಂದು ಮಾತು. ಅಷ್ಟ. ನಾ ಸಾರಿನ ಬೋಗಾಣಿ ಕೈಯಾಗ ಹಿಡಕೊಂಡು, ಬಡಸೋದು ಬಿಟ್ಟು, ಅಲ್ಲೇ ನಿಂತು ಕೇಳತಿದ್ದೆ.

ಮೋಟರಿನ್ಯಾಗ ಬಂದೆನಂತ ನಾ! ಲಡಾಯಿ ಕಾಲ ಅದು. ಪೆಟ್ರೋಲ್ ಸಿಗದ ಮೋಟರ್‌ಗೋಳು ಬೆನ್ನಿಗೆ ಇದ್ದಲಿ ಒಲಿ ಕಟ್ಕೊಂಡು ಓಡತಿದ್ವು. ಏರು ಬಂತಂದ್ರ ಮಂದಿನ್ನ ಇಳಿಸಿ ನೂಕಸತಿದ್ವು. ಅಂಥಾದರಾಗ ಕುಂತು ಯಾರರ ನಮ್ಮ ಜೋಡಿ ಹೊಂಟಿದ್ರ ಸೈಕಲ್ಲಿನವರೇ ಮೊದಲ ಮುಟ್ಟತಿದ್ವಿ. ಅವರು ತೀರಿಕೊಂಡು ಭಾಳ ವರ್ಷ ಆದ್ವು. ಸತ್ತವರ ಮ್ಯಾಲ ಸಿಟ್ಟು ಇಟ್ಕೋಬಾರದವ್ವಾ ಅಂತ ನನ್ನ ಮಗಳು ಹೇಳತಾಳ. ನಾ ಇಟ್ಕೊಂಡೇನಿ. ಅಕಿಗೆ ಬೇಕಾದ್ರ ಅಕಿ ಬಿಡಲಿ, ಪೆಡಲ್ ತುಳದಾಕಿ ನಾನು.

ಸೈಕಲ್ ನನ್ನದು, ಅದನ್ನ ಮೊದಲ ಹೇಳಿಬಿಡತೀನಿ. ಮೊದಲ ನಮ್ಮ ಅಣ್ಣಂದಿತ್ತು. ನನ್ನ ಲಗ್ನಕ್ಕಿಂತ ಮುಂಚೆ ಅಂವ ನನ್ನ ಮುಂಜಾನೆ ಹೊತ್ತ ಹುಟ್ಟೋಕಿನ ಮೊದಲ ಗೋಳಗುಮ್ಮಟದ ಹಿಂದಿನ ಬಯಲಿಗೆ ಕರಕೊಂಡು ಹೋಗಿ ಕಲಿಸಿದ್ದ. ಗಂಡಸರ ಸೈಕಲ್ಲು, ನಡುವ ದಂಡಿಗಿ. ಆದ್ರ ನಮ್ಮ ಮಂದಿಯೊಳಗ ಹೆಣ್ಣಮಕ್ಕಳು ಕಚ್ಚಿ ಹಾಕಿ ಸೀರಿ ಉಡೋ ಪದ್ಧತಿ. ಆ ಕಚ್ಚಿ ಸೈಕಲ್ ಹೊಡ್ಯಾಕಂತನ ಯಾರೋ ಕಂಡು ಹಿಡದಂಗಿತ್ತು, ಕಾಲೆತ್ತಿ ಹಾಕಿದ್ರ ಮುಗೀತು. ಬೀಳೋದು, ಏಳೋದು, ಪಂಚರ್ ಹಚ್ಚೋದು, ಚೈನ್ ಏರಿಸೋದು, ಎಲ್ಲಾ ಅಲ್ಲೇ ಕಲತೆ. ಲಗ್ನ ಆಗಿ ನಾನೂ ನಮ್ಮನಿಯವರೂ ಬಿಜಾಪುರದಾಗ ಮನಿ ಮಾಡಿದ ಮ್ಯಾಲ ಅಣ್ಣ ಫೌಜಿಗೆ ಸೇರಿದ. ಹೋಗುವಾಗ ಸೈಕಲ್ ತಂದು ನಮ್ಮ ಪಡಸಾಲ್ಯಾಗ ನಿಲ್ಲಿಸಿ, "ತಂಗೀ, ಇದು ನಿನಗ. ತುಕ್ಕು ಹಿಡಿಸಬ್ಯಾಡ" ಅಂದ. ನಮ್ಮನಿಯವರು ಅಲ್ಲೇ ನಿಂತು ನಕ್ಕರು. ಅವರು ಸಾಲಿ ಮಾಸ್ತರು, ಅವರದು ಬ್ಯಾರೆ ಸೈಕಲ್ ಇತ್ತು.

ನನ್ನ ಗಂಡನ ಮನಿ ಟಿಕೋಟ. ಆ ಕಾಲಕ್ಕ ಊರ ಬಾಗಲಕ್ಕ ಅಗಸಿ ಅಂತಿದ್ರು, ಈಗೂ ಅಂತಾರ. ಅಗಸಿ ಬಾಜೂಕ ಕಟ್ಟಿ, ಕಟ್ಟಿ ಮ್ಯಾಲ ಹಿರಿಯರು. ಕುದುರಿ ಮ್ಯಾಲ ಬರ್ರಿ, ಸೈಕಲ್ ಮ್ಯಾಲ ಬರ್ರಿ, ಅಗಸಿ ಮುಟ್ಟಿದ ಕೂಡಲೇ ಇಳೀಬೇಕು. ಇಳದು, ಕಟ್ಟಿ ಮ್ಯಾಲಿನವರಿಗೆ ಕೈ ಮುಗದು, ನಡಕೋತ ಒಳಗ ಹೋಗಬೇಕು. ಇಳೀದ ಹೋದವನ ಮನಿಗೆ ಸಂಜೀಕ ಮಾತು ಬರತಿತ್ತು, "ನಿಮ್ಮ ಮಗಗ ಮಂಡಿ ನೋವು ಬಂದಾವೇನ್ರಿ?" ಅಂತ. ಹಬ್ಬ ಹುಣ್ಣಿವಿಗೆ ನಾವು ಟಿಕೋಟಕ್ಕ ಹೋದಾಗೊಮ್ಮೆ ನಾ ಬಟ್ಟಿ ಮುಚ್ಚಿದ ಗಾಡ್ಯಾಗ, ಅವರು ಸೈಕಲ್ ಮ್ಯಾಲ. ಅವರು ಅಗಸ್ಯಾಗ ಇಳದ್ರ ಕಟ್ಟಿ ಮ್ಯಾಲಿನವರೆಲ್ಲಾ "ಬಾ ತಮ್ಮಾ, ಬಿಸಲಾಗ ಬಂದಿ, ಆರಾಮಾ?" ಅನ್ನೋರು. ನನ್ನ ಗಾಡಿ ಹಂಗ ಸುಮ್ಮನ ಒಳಗ ಹೋಗತಿತ್ತು. ಗಾಡ್ಯಾಗ ಹೆಣ್ಣಮಗಳು ಇದ್ದಾಳೋ, ಜ್ವಾಳದ ಚೀಲ ಐತೋ, ಯಾರಿಗೂ ಬೇಕಾಗಿರಲಿಲ್ಲ.

ಇಳಿಯೋದು ಮರ್ಯಾದಿ ಕೊಡೋದು ಅಂತ ಎಲ್ಲಾರೂ ತಿಳಕೊಂಡಾರ. ನಾ ಗಾಡಿ ಬಟ್ಟಿ ಸಂದಿನ್ಯಾಗಿಂದ ನೋಡತಿದ್ದೆ, ಇಳದವಗ ಮರ್ಯಾದಿ ಸಿಗತಿತ್ತು. ಏರಿದಾಕಿ ಇದ್ರ ತಾನ ಇಳೀಯೋದು? ನನಗೂ ಒಮ್ಮೆ ಆ ಅಗಸ್ಯಾಗ ಇಳೀಬೇಕಾಗಿತ್ತು. ನನ್ನ ಸೈಕಲ್ಲಿಂದ, ನಾನ, ಹಾಡಹಗಲ, ಕಟ್ಟಿ ಮ್ಯಾಲ ನಮ್ಮ ಮಾವ ಕುಂತಾಗ. ಇಷ್ಟ ನನ್ನ ಆಸೆ. ಬಂಗಾರ ಕೇಳಲಿಲ್ಲ, ಬೆಳ್ಳಿ ಕೇಳಲಿಲ್ಲ.

ದೀಪಾವಳಿ ಸೂಟಿಯೊಳಗ ಸೈಕಲ್ ಮ್ಯಾಲ ಸಮುದ್ರಕ್ಕ ಹೋಗಿ ಬರತೀವಿ ಅಂತ ನಮ್ಮನಿಯವರೂ ಅವರ ಸಾಲಿಯೊಳಗಿನ ಇನ್ನೊಬ್ಬ ಮಾಸ್ತರೂ ಊರೆಲ್ಲಾ ಡಂಗುರ ಸಾರಿದ್ರು. ಹೊಂಡೋ ವ್ಯಾಳ್ಯಾಕ್ಕ ಆ ಮಾಸ್ತರು ಜ್ವರ ಬಂತು ಅಂತ ಮಲಕೊಂಡುಬಿಟ್ರು. ಜ್ವರ ಅಲ್ಲ, ಅಂಜಿಕಿ. ಇವರಿಗೂ ಒಬ್ಬರ ಹೋಗಾಕ ಧೈರ್ಯ ಇಲ್ಲ, ಬಿಡಾಕ ಮರ್ಯಾದಿ ಇಲ್ಲ. ಮಾರಿ ಸಣ್ಣದು ಮಾಡಿ ಕುಂತಿದ್ರು. "ನಾ ಬರತೀನ್ರಿ" ಅಂದೆ. ನಕ್ಕರು. "ದಾರ್ಯಾಗ ಪಂಚರ್ ಆದ್ರ ಯಾರು ಹಚ್ಚವರು? ನಿಮಗ ಬರತೈತೇನು?" ಅಂದೆ. ನಗು ನಿಂತಿತು.

ಅವತ್ತ ಮಾತು ಆಗಿದ್ದು. ನಾನ ಕೇಳಿದೆ, "ಸಮುದ್ರಕ್ಕ ಹೋಗಿ ಬರೂತನಾ ನಾ ಹೊಡದ್ರ, ಬರುವಾಗ ನೆಟ್ಟಗ ಟಿಕೋಟಕ್ಕ ಹೋಗೂಣು. ಅಗಸ್ಯಾಗ ನಿಮ್ಮ ಬಾಜೂಕ ನಾನೂ ಇಳೀತೀನಿ. ಆಗಬಹುದೇನು?" ಅವರು ಒಂದಿಷ್ಟ ಹೊತ್ತು ಮೀಸಿ ತಿಕ್ಕಿದ್ರು. ಸಮುದ್ರದ ತನಕ ಇಕಿ ಎಲ್ಲಿ ಹೊಡೀತಾಳ, ಜಮಖಂಡಿಗೇ ಸಾಕಪ್ಪಾ ಅಂತಾಳ ಅಂತ ಲೆಕ್ಕ ಹಾಕಿರಬೇಕು. "ಆತು" ಅಂದ್ರು. "ಹಂಗಲ್ಲ, ಆಣಿ ಮಾಡ್ರಿ." "ನಮ್ಮವ್ವನ ಆಣಿ, ಆತು." ಅವರವ್ವ, ಅಂದ್ರ ನಮ್ಮ ಅತ್ತಿ, ಟಿಕೋಟದಾಗ ಗಟ್ಟಿಮುಟ್ಟಾಗಿ ಇದ್ಲು. ಅಕಿ ಆಣಿ ಅಂದ ಮ್ಯಾಲ ನಾ ನಂಬಿದೆ.

ಬುತ್ತಿಗೆ ಕಡಕ್ ರೊಟ್ಟಿ ಬಡದೆ. ಬಡದು ಬಡದು ಅಂಗೈ ಕೆಂಪಾದ್ವು. ಒಣಾ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಧೋತರದ ಗಂಟು ಕಟ್ಟಿ ಎರಡೂ ಸೈಕಲ್ಲಿನ ಕ್ಯಾರಿಯರ್ ಮ್ಯಾಲ ಬಿಗದೆ. ನಮ್ಮ ಕಡೆ ಆ ರೊಟ್ಟಿ ತಿಂಗಳಾದ್ರೂ ಕೆಡಂಗಿಲ್ಲ, ಅದರ ಮ್ಯಾಲ ನಮಗ ಅಷ್ಟು ಭರೋಸೆ. ಚುಕ್ಕಿ ಇದ್ದಾಗನ ಹೊಂಟ್ವಿ, ಯಾರೂ ನೋಡಬಾರದಂತ. ಬಬಲೇಶ್ವರ ದಾರಿ ಹಿಡದು, ಎರಡೂ ಕಡೆ ಜ್ವಾಳದ ಹೊಲ, ತಣ್ಣನ ಗಾಳಿ. ಯವ್ವಾ, ಆ ಮುಂಜಾನಿ ನೆನಸಿದ್ರ ಈಗೂ ಮೈ ಹಗರ ಆಗತೈತಿ. ಅಷ್ಟೊತ್ತು ಮಾತ್ರ ನನಗ ಯಾರ ಮ್ಯಾಲೂ ಸಿಟ್ಟಿರಲಿಲ್ಲ.

ಬಬಲೇಶ್ವರ ಕಂಡ ಕೂಡಲೇ ಸುರು ಆತು. "ಇಳಿ." "ಯಾಕ್ರಿ?" "ಊರು ಬಂತು, ಮಂದಿ ನೋಡತಾರ. ಸೆರಗು ಹೊತ್ಕೊಂಡು ನಡಕೋತ ಬಾ." ನನ್ನ ಸೈಕಲ್ಲಿನ ಹ್ಯಾಂಡಲ್ ಒಂದು ಕೈಯಾಗ ಹಿಡಕೊಂಡು, ತಮ್ಮದನ್ನ ಹೊಡಕೋತ ಮುಂದ ಹೋಗಿಬಿಟ್ರು. ನಾ ಧೂಳದಾಗ ನಡಕೋತ ಹಿಂದ. ಊರು ದಾಟಿದ ಮ್ಯಾಲ ಹುಣಸಿ ಗಿಡದ ಕೆಳಗ ಸೈಕಲ್ ನಿಲ್ಲಿಸಿ ಕಾಯಾಕತ್ತಿದ್ರು. "ಟಿಕೋಟದ್ದಷ್ಟ ನಾ ಮಾತು ಕೊಟ್ಟಿದ್ದು, ಉಳಿದ ಊರಿನದು ಕೊಟ್ಟಿಲ್ಲ" ಅಂದ್ರು. ವಕೀಲರಾಗಬೇಕಾಗಿತ್ತು ಇವರು, ತಪ್ಪಿ ಮಾಸ್ತರಾದ್ರು. ನಾ ಹಲ್ಲು ಕಚ್ಚಿಕೊಂಡು ಹತ್ತಿದೆ. ಟಿಕೋಟದ್ದು ಕೊಟ್ಟಾರಲ್ಲ, ಅದೊಂದು ಸಾಕು ಅಂದ್ಕೊಂಡೆ.

ಆಮ್ಯಾಲ ಊರಿಗೊಂದು ಸುಳ್ಳು. ಒಂದೂರಾಗ ಎರಡನೇ ಸೈಕಲ್ ಬೀಗರಿಗೆ ಕೊಡಾಕ ಒಯ್ಯಾಕತ್ತೇನಿ ಅಂದ್ರು. ಇನ್ನೊಂದೂರಾಗ ಮಾರಾಟಕ್ಕ ಐತಿ ಅಂದ್ರು, ಅಲ್ಲಿ ಒಬ್ಬಾಂವ ಖರೇನ ಬೆಲಿ ಕಟ್ಟಾಕ ಬಂದುಬಿಟ್ಟ. ಕೃಷ್ಣಾ ಹೊಳಿ ದಾಟುವಾಗ ನಾವಿ ನಡಸಾಂವ, ಬಿಳೇ ಗಡ್ಡದ ಮುದುಕ, ಎರಡೂ ಸೈಕಲ್ ನಾವ್ಯಾಗ ಏರಿಸಿಕೋತ ಕೇಳಿದ, "ಮಾಸ್ತರ, ಎರಡು ಸೈಕಲ್ ಒಬ್ಬರ ಹೆಂಗ ಹೊಡೀತೀರಿ? ಒಂದೊಂದ ಕಾಲು ಒಂದೊಂದಕ್ಕೇನು?" ಇವರು ಆ ದಂಡಿಗೆ ಮಾರಿ ಮಾಡಿ ನೀರು ನೋಡಾಕತ್ರು. ಮುದುಕ ನನ್ನ ಕಚ್ಚಿಗೆ ಹತ್ತಿದ ಚೈನಿನ ಕರೇ ಎಣ್ಣಿ ಕಲಿ ನೋಡಿದ. ನಕ್ಕ. ನಾ ನಗಲಿಲ್ಲ.

ಧಾರವಾಡ, ಕಲಘಟಗಿ ದಾಟಿದ ಮ್ಯಾಲ ನಮ್ಮ ಕಡಿ ಬಯಲು ಮುಗದು ಗುಡ್ಡ ಸುರು ಆದ್ವು. ಏರಂದ್ರ ಏರು. ಇವರು ಅರ್ಧಾ ಏರಿಗೆ ಇಳದು, ನಡುವಿಗೆ ಕೈ ಕೊಟ್ಟು ನಿಂತುಬಿಡೋರು. ನಾ ದಿನಾ ಬೀಸೋಕಲ್ಲು ತಿರುವಿದಾಕಿ, ಬಾವಿ ನೀರು ಸೇದಿದಾಕಿ. ನನ್ನ ರಟ್ಟಿಯೊಳಗೂ ಕಾಲಾಗೂ ಏನೈತಿ ಅಂತ ನನಗ ಆ ಗುಡ್ಡದಾಗ ಗೊತ್ತಾತು. ತುದಿಗೆ ಹೋಗಿ ಕಲ್ಲಿನ ಮ್ಯಾಲ ಕುಂತು ದಾರಿ ಕಾಯತಿದ್ದೆ. ಬಂದವರು ಏದುಸಿರು ಬಿಡಕೋತ, "ಚೈನ್ ಬಿಗಿ ಆಗೇತಿ" ಅನ್ನೋರು. ಒಮ್ಮೆ ಚೈನ್, ಒಮ್ಮೆ ಸೀಟು, ಒಮ್ಮೆ ಎದುರು ಗಾಳಿ. ಕಾಲು ಸೋತಾವ ಅಂತ ಒಮ್ಮೆನೂ ಬಾಯಿಂದ ಬರಲಿಲ್ಲ.

ಯಲ್ಲಾಪುರದ ಮುಂದ ಘಟ್ಟ ಇಳಿಯೋ ತಲಬಾಗಲದಾಗ ಗಾಡಿ ಹೊಡಿಯವರು ಎತ್ತು ಬಿಟ್ಕೊಂಡು ಕುಂತಿದ್ರು. ನಮ್ಮನ್ನ ನೋಡಿ, ಬ್ರೇಕ್ ಒಂದನ್ನ ನಂಬಬ್ಯಾಡ್ರಿ, ಒಂದು ಟೊಂಗಿ ಕಡದು ಹಿಂದ ಕಟ್ಟಿ ಎಳಕೋತ ಇಳೀರಿ ಅಂದ್ರು. ನಾ ಅಲ್ಲೇ ಒಂದು ಎಲಿ ತಪ್ಪಲ ಇದ್ದ ಟೊಂಗಿ ಹುಡುಕಿ ಕ್ಯಾರಿಯರ್‌ಗೆ ಹಗ್ಗ ಹಾಕಿ ಕಟ್ಟಿದೆ. ಇವರು? "ಕಸಬರಿಗಿ ಕಟ್ಕೊಂಡು ರಸ್ತೆ ಹೊಡಿಯಾಕ ಬಂದೇನೇನು ನಾ?" ಅಂದು ಹಂಗ ಇಳದ್ರು. ಮೂರನೇ ತಿರುವಿನ್ಯಾಗ ಬ್ರೇಕಿನ ರಬ್ಬರ್ ಸುಟ್ಟ ವಾಸನಿ ಬಂತು, ಆಮ್ಯಾಲ "ಯವ್ವಾ" ಅನ್ನೋದು ಕೇಳಿತು. ನಾ ಹೋಗಿ ನೋಡಿದ್ರ ಗಟಾರದಾಗ ಬಿದ್ದಾರ, ಮೊಣಕಾಲು ಕೆತ್ತಿ ರಕ್ತ. ನನ್ನ ಸೀರಿ ಅಂಚು ಹರದು ಕಟ್ಟಿದೆ. ಇದ ಘಟ್ಟ ನೋಡ್ರಿ, ಮದುವಿ ಪಂಗತಿಯೊಳಗ ಹೇಳತಿದ್ದದ್ದು. ಆ ಕತಿಯೊಳಗ ಟೊಂಗಿ ಕಟ್ಟಿದವರು ಇವರು. ಗಟಾರಕ್ಕ ಬಿದ್ದಾಕಿ? "ನಮ್ಮ ಮನಿಯಾಕಿ ಹಠ ಮಾಡಿ ಅಲ್ಲೊಂದು ಚೂರು ಸೈಕಲ್ ಹತ್ತಿದ್ಲು, ಬಿದ್ಲು." ಪಂಗತಿ ತುಂಬ ನಗು. ಬೆಂಕಿ ಹಚ್ಚಬೇಕು ಆ ನಗುವಿಗೆ.

ಘಟ್ಟದ ಬುಡಕ್ಕ ಗಂಗಾವಳಿ ಹೊಳಿ ಸಿಕ್ತು. ಹಸರ ನೀರು, ಎರಡೂ ಕಡೆ ಗುಡ್ಡ, ದಾರಿ ಹೊಳಿ ಬಾಜೂಕನ ಹೊಂಟಿತ್ತು. ನಮ್ಮ ಕಡೆ ಮಳಿಗಾಲ ಮುಗೀತಂದ್ರ ಹಳ್ಳದಾಗ ಕಲ್ಲು ಕಾಣತಾವ. ಇಲ್ಲಿ ಹೊಳಿಗೆ ಯಾವ ಚಿಂತಿನೂ ಇರಲಿಲ್ಲ. ಅಲ್ಲೇ ದಂಡಿ ಮ್ಯಾಲ ಊಟಕ್ಕ ಕುಂತು ಗಂಟು ಬಿಚ್ಚಿದೆ. ಹಪ್ಪಳದಂಗ ಮುರೀಬೇಕಾದ ರೊಟ್ಟಿ ಅರಿವಿಯಂಗ ಬಾಗಾಕತ್ತಿತ್ತು. ಗುಡ್ಡದ ಮಂಜು, ಕೆಳಗಿನ ಹಸಿ ಗಾಳಿ, ಎಲ್ಲಾ ಒಳಗ ಇಳದು, ನಡುವಿನ ರೊಟ್ಟಿಗೆಲ್ಲಾ ಹಸರ ಬೂಸು ಬಂದಿತ್ತು. ರೊಟ್ಟಿ ಕೆಡತೈತಿ ಅಂತ ಬಿಜಾಪುರದಾಗ ಹುಟ್ಟಿದವರ ಕನಸಿನ್ಯಾಗೂ ಬರಂಗಿಲ್ಲ. ಇವರು ಒಂದು ತುಣಕು ಎತ್ತಿ ಹಿಡದು, "ಸರಿಯಾಗಿ ಬೇಯಿಸಿಲ್ಲ ನೀ" ಅಂದ್ರು. ಸಮುದ್ರದ ಗಾಳಿಗೂ ನಾನ ಹೊಣಿ! ಗಂಟು ಎತ್ತಿ ಹೊಳಿಗೆ ಒಗದೆ. ಮೀನರ ತಿನ್ನಲಿ. ಅವತ್ತಿಂದ ಅಂಗಡಿ ಅವಲಕ್ಕಿ ತಿಂದು ದಿನ ತಗದ್ವಿ.

ಅಂಕೋಲಾ ಮುಟ್ಟಿ, ಊರು ದಾಟಿ, ಉಸುಕಿನ ದಾರಿಯೊಳಗ ಸೈಕಲ್ ನೂಕಕೋತ ಹೋಗಿ ನಾ ಮೊದಲ ಸಮುದ್ರ ನೋಡಿದೆ. ಇವರು ಹಿಂದಿದ್ರು. ನೋಡಿದ್ರ ಏನ ಹೇಳಬೇಕು ತಿಳೀಲಿಲ್ಲ. ನಮ್ಮ ಬಯಲಿನಂಗ ಅದಕ್ಕೂ ಆ ಕಡೆ ಏನೂ ಅಡ್ಡ ಇರಲಿಲ್ಲ, ಅದೊಂದು ಗುರುತು ಹತ್ತಿತು. ಸೈಕಲ್ ನೀರಿಗೆ ಇಳಿಸಿದೆ. ಎರಡೂ ಗಾಲಿ ತೊಯಿಸಿದೆ. ಹಿಂದಿನಿಂದ "ಏ, ಉಪ್ಪು ನೀರು, ರಿಮ್ ತುಕ್ಕು ಹಿಡೀತೈತಿ" ಅಂತ ಒದರಿದ್ರು. ಹಿಡೀಲಿ ಅಂದೆ. ಅಲ್ಲೇ ನಿಂತು ಇನ್ನೊಮ್ಮೆ ಕೇಳಿದೆ, "ಟಿಕೋಟಕ್ಕ ಮತ್ತ?" "ಆಣಿ ಮಾಡೇನಲ್ಲ, ಎಷ್ಟ ಸಲ ಕೇಳತಿ?" ಅಂದ್ರು. ಆಗ ಅವರ ಮಾರಿ ನೋಡಿದ್ದೆ ನಾ. ಖರೇನ ಹೇಳಾಕತ್ತಾರ ಅನಿಸಿತ್ತು. ಅಲ್ಲಿ ಅವರನ್ನ ನೋಡವರು ಯಾರೂ ಇರಲಿಲ್ಲ, ಅದಕ್ಕ ಖರೆ ಬಂದಿರಬೇಕು.

ಬರುವಾಗ ಕಷ್ಟ ಹೆಚ್ಚು, ಹೇಳೋದು ಕಡಿಮಿ. ಘಟ್ಟ ಸೈಕಲ್ ನೂಕಕೋತ ಏರಿದ್ವಿ. ಟ್ಯೂಬಿಗೆ ತ್ಯಾಪಿ ಮ್ಯಾಲ ತ್ಯಾಪಿ ಹಚ್ಚಿದೆ. ವಾಲ್ ಟ್ಯೂಬ್ ಅಂತ ಇರತೈತಿ ನೋಡ್ರಿ, ಸೈಕಲ್ಲಿಗೆ ಗಾಳಿ ಹಾಕೋ ಬಾಯಿಯೊಳಗಿನ ಪಿನ್ನಿಗೆ ಏರಿಸೋ ಸಣ್ಣ ರಬ್ಬರ್ ನಳಿಗಿ. ಕಿರಬೆರಳಿನಷ್ಟು ಉದ್ದ ಇಲ್ಲ, ಅದಿಲ್ಲಂದ್ರ ಗಾಳಿ ಒಂದು ಕ್ಷಣ ನಿಲ್ಲಂಗಿಲ್ಲ. ನಾವು ತಂದ ಹೆಚ್ಚಿನ ತುಂಡೆಲ್ಲಾ ಘಟ್ಟದಾಗನ ತೀರಿ ಹೋಗಿತ್ತು. ಲಡಾಯಿ ಕಾಲದಾಗ ರಬ್ಬರ್ ಅಂದ್ರ ಬಂಗಾರ. ಜಮಖಂಡಿ ಅಂಗಡಿಯವ, "ಲಡಾಯಿ ಮುಗದ ಮ್ಯಾಲ ಬರ್ರಿ" ಅಂದ. ಹಂಗಾಗಿ ಗಾಲಿಗೆ ಒಂದರಂತ ಇದ್ದದ್ದು ಅಷ್ಟ, ಹೆಚ್ಚಿಗೆ ಒಂದೂ ಇಲ್ಲ. ಇದನ್ನ ನೆನಪಿಟ್ಕೋರ್ರಿ.

ಕೃಷ್ಣಾ ಹೊಳಿ ಈ ದಂಡಿಗೆ ಬಂದಾಗಿಂದ ಇವರ ಮಾತು ಕಡಿಮಿ ಆತು. ಕೇಳಿದ್ದಕ್ಕ ಹೂಂ, ಉಹೂಂ. ಬಬಲೇಶ್ವರ ಸಮೀಪ ಬಂದಂಗ ಹಿಂದ ಬೀಳಾಕತ್ರು. ಇಲ್ಲಿ ಏರಿಲ್ಲ ಇಳುವಿಲ್ಲ, ಯಾಕ ಹಿಂದ ಬೀಳಬೇಕು? ನನಗ ತಿಳೀತು. ಅಪ್ಪನ ಅಂಜಿಕಿ. ನಮ್ಮ ಮಾವ ಎತ್ತರದ ಆಳು, ಮಾತು ಕಡಿಮಿ, ಅವರು ಕೆಮ್ಮಿದ್ರ ಈ ಮಗ ಪಡಸಾಲಿಯಿಂದ ಎದ್ದು ನಿಲ್ಲತಿದ್ದ. ಅಂಜಿಕಿ ಇದ್ರ ಇರಲಿ, ನನಗೂ ಇತ್ತು. "ನನಗ ಅಂಜಿಕಿ ಬರಾಕತ್ತೈತಿ, ಮಾತು ವಾಪಸ್ ತಗೋತೀನಿ" ಅಂತ ನನ್ನ ಮುಂದ ಅಂದಿದ್ರ ಜಗಳ ತಗೀತಿದ್ದೆ, ಅತ್ತು ಬಿಡತಿದ್ದೆ, ಮುಗದು ಹೋಗತಿತ್ತು.

ಬಬಲೇಶ್ವರದಾಗ ಇವರ ಸೋದರತ್ತಿ ಮನಿ. ಅಲ್ಲಿ ಊಟಕ್ಕ ಇಳದ್ವಿ. ನಾ ಸೋದರತ್ತಿ ಜೋಡಿ ಅಡಗಿ ಮನ್ಯಾಗ ಕುಂತಿದ್ದೆ, ಅಕಿ ಬಿಸಿ ರೊಟ್ಟಿ, ಬದನಿಕಾಯಿ ಎಣಗಾಯಿ ನೀಡಿದ್ಲು. ಇವರು ಮೊದಲ ಉಂಡು, "ಸೈಕಲ್ ನೋಡಿ ಬರತೀನಿ" ಅಂತ ಹೊರಗ ಹೋದ್ರು. ಇಡೀ ದಾರಿಯೊಳಗ ಒಮ್ಮೆನೂ ಸೈಕಲ್ ನೋಡದ ಮನಷ್ಯಾ! ನನಗ ಅಲ್ಲೇ ತಿಳೀಬೇಕಾಗಿತ್ತು. ಉಂಡು ಕೈ ತೊಳದು ಅಂಗಳಕ್ಕ ಬಂದ್ರ ನನ್ನ ಹಿಂದಿನ ಗಾಲಿ ನೆಲಕ್ಕ ಕುಂತಿತ್ತು.

"ಜಾಲಿ ಮುಳ್ಳು ಚುಚ್ಚೇತಿ ನೋಡು" ಅಂದ್ರು. ಹಿಂದನ, "ಇರಲಿ ಬಿಡು, ಅತ್ತಿ ಗಾಡಿ ಟಿಕೋಟಕ್ಕ ಹೊಂಟೈತಿ. ನೀ ಗಾಡ್ಯಾಗ ಬಾ, ನಿನ್ನ ಸೈಕಲ್ ಹಿಂದ ಕಟ್ಟಿಸತೀನಿ" ಅಂದ್ರು. ಬಾಗಲದಾಗ ಗಾಡಿ ತಯಾರ ನಿಂತಿತ್ತು. ಎತ್ತು ಹೂಡಿ, ಒಳಗ ಜಮಖಾನಿ ಹಾಸಿ, ಬಟ್ಟಿ ಕಟ್ಟಿ. ಈಗ ಚುಚ್ಚಿದ ಮುಳ್ಳಿಗೆ ಗಾಡಿ ಯಾವಾಗ ಹೂಡಿದ್ರಪ್ಪಾ?

ಪಂಪ್ ತಗೊಂಡು ಗಾಳಿ ಹೊಡದೆ. ಹೊಡದಷ್ಟೂ ಬಾಯಿಯಿಂದನ ಬುಸ್ ಅಂತ ಹೊರಗ ಬಂತು. ವಾಲಿನ ತಿರುಗಣಿ ಬಿಚ್ಚಿ ಪಿನ್ನು ಹೊರಗ ತಗದೆ. ಬೋಳು. ರಬ್ಬರ್ ಹರದಿದ್ರ ಒಂದು ಚೂರರ ಅಂಟ್ಕೊಂಡಿರತಿತ್ತು. ಬಿಸಲಿಗೆ ಕರಗಿದ್ರ ಜಿಗಟರ ಇರತಿತ್ತು. ಪಿನ್ನು ತೊಳದಿಟ್ಟಂಗಿತ್ತು. ಯಾರೋ ಜ್ವಾಕಿಯಿಂದ, ನಿಧಾನಕ್ಕ, ಹರೀದಂಗ ಎಳದು ತಗದಿದ್ರು. ಖರೇನ ಮುಳ್ಳು ಚುಚ್ಚಿದ್ರ ಟ್ಯೂಬ್ ಹಾಳಾಗತಿತ್ತಲ್ಲ, ಟ್ಯೂಬು ತುಟ್ಟಿ. ನಮ್ಮನಿಯವರು ಕಳವು ಮಾಡಿದ್ರೂ ಖರ್ಚು ನೋಡಿ ಮಾಡವರು.

ತಲಿ ಎತ್ತಿ ನೋಡಿದೆ. ಬೇವಿನ ಗಿಡಕ್ಕ ಆತು ನಿಂತಿದ್ರು. ಬಲಗೈ ಕೋಟಿನ ಕಿಸೇದ ಮ್ಯಾಲ ಹೋತು, ತಾನ ವಾಪಸ್ ಬಂತು. ನನಗ ಅಂಗಾಲಿಂದ ನೆತ್ತಿ ತನಕ ಉರದು ಹೋತು. ಘಟ್ಟ ಇಳಿಸಿದಾಕಿ, ಗಾಯ ಕಟ್ಟಿದಾಕಿ, ಊರೂರಿಗೂ ಇಳದು ಧೂಳು ತಿಂದಾಕಿ ನಾ. ಕಡೀಕ ಇಷ್ಟ? ಒದರಬೇಕು ಅನಿಸ್ತು, ಕೋಟ್ ಹಿಡದು ಜಾಡಸಬೇಕು ಅನಿಸ್ತು. ಸೋದರತ್ತಿ ಬಾಗಲದಾಗ ನಿಂತಿದ್ಲು, ಗಾಡಿ ಆಳು ನೋಡಾಕತ್ತಿದ್ದ. ಎದ್ದೆ. ನೆಟ್ಟಗ ಇವರ ಸೈಕಲ್ ಕಡೆ ಹೋದೆ. ಕುಕ್ಕರಗಾಲಿಲೆ ಕುಂತು ಇವರ ಹಿಂದಿನ ಗಾಲಿ ವಾಲ್ ಬಿಚ್ಚಿದೆ.

ಗಾಳಿ ಬುಸ್ ಅಂತ ಹೋತು. "ಏ, ಏ, ಏನ ಮಾಡಾಕತ್ತಿ?" ಅಂತ ಓಡಿ ಬಂದ್ರು.

"ನನ್ನ ವಾಲ್ ಟ್ಯೂಬ್ ಎಲ್ಲೋ ಬಿದ್ದೈತ್ರಿ. ನಿಮ್ಮದು ತಗೋತೀನಿ."

"ಮತ್ತ ನಾ?"

"ನಿಮ್ಮ ಹತ್ರ ಒಂದು ಇದ್ರ ಹಾಕ್ಕೋರ್ರಿ."

ಅವರ ಕಣ್ಣಾಗ ಕಣ್ಣಿಟ್ಟು ಅಂದೆ. ಆಗರ ತಗೀಬಹುದಿತ್ತು. ಕಿಸೇದಾಗ ಕೈ ಹಾಕಿ, ತಗೋ ಅಂದಿದ್ರ ಆ ಕ್ಷಣದಾಗನ ನಾ ನಕ್ಕು ಬಿಡತಿದ್ದೆ, ದೇವರಾಣಿ ನಗತಿದ್ದೆ. ಅವರು ಗಿಡದ ತುದಿ ನೋಡಿ, "ನನ್ನ ಹತ್ರ ಎಲ್ಲಿಂದ ಬರಬೇಕು?" ಅಂದ್ರು. ಆತು. ಅವರ ರಬ್ಬರ್ ನನ್ನ ಪಿನ್ನಿಗೆ ಉಗುಳು ಹಚ್ಚಿ ಏರಿಸಿದೆ, ಗಾಳಿ ಹೊಡದೆ, ಹತ್ತಿದೆ. ಬಬಲೇಶ್ವರದ ನಟ್ಟನಡು ಓಣಿಯೊಳಗ, ಹಾಡಹಗಲ, ಯಾರೂ ಇಳಿ ಅನ್ನಲಿಲ್ಲ. ಹಿಂದ ತಿರುಗಿ ನೋಡಿದ್ರ, ಗಾಡಿಯೊಳಗ ಹೆಂಗಸರಂಗ ಕುಂತು ಅಗಸಿ ಹೊಗಾಕ ಅವರಿಗೆ ನಾಚಿಕಿ ಬಂದಿರಬೇಕು, ಸೈಕಲ್ ನೂಕಕೋತ ನಡಕೋತ ಹೊಂಟಿದ್ರು.

ಟಿಕೋಟದ ತನಕ ನಾ ಏನ ನೋಡಿದೆ ಅಂತ ಹೇಳಾಕ ಬರಂಗಿಲ್ಲ, ಕಣ್ಣು ಉರಿಯಾಕತ್ತಿದ್ವು. ಅಗಸಿ ದೂರದಿಂದ ಕಂಡಿತು. ಕಟ್ಟಿ ತುಂಬ ಮಂದಿ. ನಡುವ ನಮ್ಮ ಮಾವನ ಬಿಳೇ ರುಮಾಲು. ಮಾತು ಒಮ್ಮೆಲೆ ನಿಂತುವು. ಸರಿ ಅಗಸಿ ಮುಂದ, ಗಂಡಸರು ಎಲ್ಲಿ ಇಳೀತಾರೋ ಅಲ್ಲೇ, ಬ್ರೇಕ್ ಹಿಡದು ಇಳದೆ. ಸೆರಗು ಸರಿ ಮಾಡಿಕೊಂಡು, ಒಂದು ಕೈಯಾಗ ಸೈಕಲ್ ಹಿಡಕೊಂಡು, ಬಾಗಿ ನಮಸ್ಕಾರ ಮಾಡಿದೆ. ಯಾರೂ "ಬಾ ತಂಗೀ, ಆರಾಮಾ?" ಅನ್ನಲಿಲ್ಲ. ಕಟ್ಟಿ ತುದಿಗೆ ಕುಂತ ಒಬ್ಬ ಮುದುಕ ಕೈ ಚಾಚಿ, "ಇದೇನ್ರಿ ಗೌಡ್ರ, ನಿಮ್ಮ ಮನಿ ಸೊಸಿ..." ಅಂತ ತಗದ. ಮಾವ ನನ್ನನ್ನೂ ನೋಡಿದ್ರು, ಸೈಕಲ್ಲೂ ನೋಡಿದ್ರು. ಗಂಟಲ ಸರಿ ಮಾಡಿಕೊಂಡು, "ಇಳದಾಳಲ್ಲಪಾ. ಅಗಸಿಗೆ ಇಳದಾಳ. ಮತ್ತೇನ ಮಾಡಬೇಕು ಅಂತಿ?" ಅಂದ್ರು. ಆ ಮುದುಕ ಕೈ ಕೆಳಗ ಇಳಿಸಿದ.

"ಅಂವ ಎಲ್ಲಿ?" ಮಾವ ನನ್ನ ಕೇಳಿದ್ರು.

"ಹಿಂದ ಬರಾಕತ್ತಾರ್ರಿ ಮಾವಾ. ಗಾಲ್ಯಾಗ ಗಾಳಿಲ್ಲ. ನಡಕೋತ."

ಹೊತ್ತ ಮುಳಗೋ ವ್ಯಾಳ್ಯಾಕ್ಕ ಬಂದ್ರು. ಧೂಳು ಮೆತ್ತಿದ ಮಾರಿ, ಕುಂಟಗಾಲು. ಜಾಲಿ ಮುಳ್ಳು ಅಂತ ಅಪ್ಪನ ಮುಂದ ಹೇಳಿದ್ರು. ನಾ ಒಳಗಿಂದ ದೊಡ್ಡ ತಾಟಿನ ತುಂಬ ನೀರು ತಂದು ಅವರ ಮುಂದ ಇಟ್ಟೆ. ಟ್ಯೂಬ್ ನೀರಾಗ ಮುಣಗಿಸಿದ್ರ ತೂತು ಎಲ್ಲೈತಿ ಅಂತ ಗುಳ್ಳಿ ಹೇಳತಾವ. "ಟ್ಯೂಬ್ ತಗೀರಿ, ಹಚ್ಚಿ ಕೊಡತೀನಿ" ಅಂದೆ. "ನಾಳಿ ನೋಡೂಣು, ದಣದೇನಿ" ಅಂದು ಒಳಗ ಹೋಗಿ ಮಲಕೊಂಡ್ರು. ಅತ್ತಿ ನನ್ನ ಬೈದದ್ದು ಬಿಡ್ರಿ, ಅದು ಅಕಿ ಕೆಲಸ, ಅಕಿ ಮಾಡಿದ್ಲು.

ಮುಂಜಾನೆ ಅಂಗಳ ಕಸಾ ಹೊಡ್ಯಾಕ ಹೊರಗ ಬಂದೆ. ತಾಟಿನ ನೀರು ಹಂಗ ಇತ್ತು, ಯಾರೂ ಕೈ ಹಾಕಿರಲಿಲ್ಲ. ಅವರ ಸೈಕಲ್ ಗ್ವಾಡಿಗೆ ನಿಂತಿತ್ತು, ಹಿಂದಿನ ಗಾಲಿ ಗಾಳಿ ತುಂಬಿ ಕಲ್ಲಿನಂಗಿತ್ತು. ಮಾವ ಚರಿಗಿ ಹಿಡಕೊಂಡು ಹೊರಗ ಬಂದವರು ನನ್ನ ನೋಡಿ, ಆ ಗಾಲಿ ನೋಡಿ, ಹೆಬ್ಬೆರಳಿಲೆ ಒಮ್ಮೆ ಒತ್ತಿ ನೋಡಿದ್ರು. ಆಮ್ಯಾಲ ಹೊಲದ ಕಡೆ ಹೋದ್ರು. ರಾತ್ರೋರಾತ್ರಿ ಒಂದು ವಾಲ್ ಟ್ಯೂಬ್ ಕೊಳ್ಳಾಕ ಟಿಕೋಟದಾಗ ಆಗ ಸೈಕಲ್ ಅಂಗಡಿ ಒಂದೂ ಇರಲಿಲ್ಲ.

ಅವತ್ತ ಕಟ್ಟಿ ಮ್ಯಾಲ ಕುಂತು ನನ್ನ ನೋಡಿದವರು ಒಬ್ಬೊಬ್ಬರ ಹೋದ್ರು. ಮಾವ ಹೋದ್ರು. ನೋಡಿದವರು ಹೋದಂಗ ಮೋಟರಿನ ಕತಿ ಬೆಳಕೋತ ಬಂತು. ನಾ ಅಡ್ಡ ಬಾಯಿ ಹಾಕಲಿಲ್ಲ. ಹೊಡದದ್ದು ನಾ ಅಂತ ಮಂದಿಗೆ ಹೇಳಬೇಕಾಗಿದ್ದು ಅವರು, ನಾ ಅಲ್ಲ. "ರಬ್ಬರ್ ನನ್ನ ಕಿಸೇದಾಗನ ಇತ್ತು" ಅಂತ ಅವರು ಒಂದು ಸಲ, ಮಂದಿ ಮುಂದ ಬ್ಯಾಡ, ನನಗೊಬ್ಬಾಕಿಗೆ, ಅಡಗಿ ಮನ್ಯಾಗ ಬಂದು ಹೇಳಲಿ ಅಂತ ಕಾದೆ. ಕಡೀ ದಿನ ಹಾಸಿಗಿ ಬಾಜೂಕ ಕುಂತು ಬಾಯಿಗೆ ನೀರು ಹಾಕುವಾಗೂ ಅವರ ತುಟಿನ ನೋಡಕೋತ ಕುಂತಿದ್ದೆ. ನೀರು ನುಂಗಿದ್ರು, ಕಣ್ಣು ಮುಚ್ಚಿದ್ರು.